ಪೂರ್ವಾವೃತ್ತಿಯ ನಿವೃತ್ತಿಕಾಲ

ಬಹುಜನರಿಗೆ ಆಧಾರವಾದ ಕೃತಿಯು ಪರಿಷ್ಕೃತವಾದಾಗ ಅದರ ಪೂರ್ವಾವೃತ್ತಿಯನ್ನು ಎಂದು ನಿವೃತ್ತಿಗೊಳಿಸಬೇಕೆಂಬುದು ವಿಚಾರಾರ್ಹವಾಗಿದೆ. ಯಾರಾದರೂ ಬಳಸಿ ತಿದ್ದಬಹುದಾದ ಮುಕ್ತ ತಂತ್ರಾಂಶಗಳಲ್ಲಿ ಇದು ನಿತ್ಯದ ಪ್ರಶ್ನೆ. ಪೈಥಾನ್ ಎಂಬ ಗಣಕಭಾಷೆಯ ಮೂರನೆಯ ಆವೃತ್ತಿಯು 2008ರಲ್ಲಿ ಪ್ರಕಟವಾಯಿತು. ಎರಡನೆಯದರಲ್ಲಿ ರಚಿತವಾದ ಅನೇಕ ಕ್ರಮವಿಧಿಗಳು ಅದರಲ್ಲಿ ಹಾಗೆಯೇ ನಡೆಯದಿದ್ದುದರಿಂದ ಹಳೆಯದರ ಪೋಷಣೆಯು 2020ರ ಜನವರಿ 1ರವರೆಗೆ ಮುಂದುವರಿಯಿತು.

ಮಂಗಳೂರಿನ ನಿಘಂಟೊಂದು ಇದಕ್ಕೆ ಸಮಾನವಾದ ನಿದರ್ಶನ. ಇಲ್ಲಿಯ ಬಾಸೆಲ್ ಮಿಷನ್ನಿನವರು 1894ರಲ್ಲಿ ಪ್ರಕಟಿಸಿದ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟನ್ನು ಮರಿಯಪ್ಪ ಭಟ್ಟರು ಪರಿಷ್ಕರಿಸಿ ವಿಸ್ತರಿಸಲು, ಮದರಾಸು ವಿಶ್ವವಿದ್ಯಾನಿಲಯವು 1968-71ರಲ್ಲಿ ಅದನ್ನು ನಾಲ್ಕು ಸಂಪುಟಗಳಲ್ಲಿ ಹೊರತಂದಿತು. ಶಬ್ದಾರ್ಥವನ್ನು ಅರಸುವವರಿಗೆ ಪರಿಷ್ಕೃತವೇ ಸಾಕು. ಆದರೆ ಬರೋ ಮತ್ತು ಎಮೆನೋ ಅವರ ದ್ರಾವಿಡ ವ್ಯುತ್ಪತ್ತಿಕೋಶವು ಮೊದಲು ಪ್ರಕಟವಾದುದು 1961ರಲ್ಲಿ. ಅದರ ಕನ್ನಡ ಶಬ್ದಗಳಿಗೆ ಮುಖ್ಯ ಆಕರವು ಕಿಟ್ಟೆಲರ ಮೂಲಗ್ರಂಥವೇ. ಅದನ್ನು ಶೋಧಿಸುವವರು ಮೂಲವನ್ನೇ ನೋಡಬೇಕು. ಕಿಟ್ಟೆಲರು ಬರೆದುದೆಷ್ಟು, ಪರಿಷ್ಕಾರಕರು ಸೇರಿಸಿದುದೆಷ್ಟು ಎಂಬ ವಿವೇಚನೆಯೂ ಎರಡನ್ನೂ ಹೋಲಿಸಿದಲ್ಲದೆ ಸಿದ್ಧಿಸದು.

ಆದುದರಿಂದ ನಿವೃತ್ತಿಯು ಎರಡು ವಿಧ. ನೂತನವು ಪುರಾತನದ ಕಾರ್ಯವನ್ನೆಲ್ಲ ನಿರ್ವಹಿಸಿ, ಆಶ್ರಿತರು ಅದಕ್ಕೆ ಹೊಂದಿಕೊಂಡ ಮೇಲೆ ವ್ಯವಹಾರದಿಂದ ನಿವೃತ್ತಿಯು ಯುಕ್ತ. ಭಂಡಾರದಿಂದ ನಿವೃತ್ತಿಯು ಎಂದಿಗೂ ಯುಕ್ತವಲ್ಲ. ಪೋಷಣೆ ನಿಂತ ಪೈಥಾನಿನ ಮೂಲಪಾಠವೂ ಇಂದಿಗೂ ಲಭ್ಯವಾಗಿದೆ. ಹಳೆಯ ನಿಘಂಟನ್ನು ಕಪಾಟಿನಿಂದ ತೆಗೆಯುವ ಮುನ್ನ ಗ್ರಂಥಾಲಯಗಳು ಈ ಭೇದವನ್ನು ಗಮನಿಸುವುದು ಅವಶ್ಯ.