ಎರಡು ಗಾಂಧಾರಗಳು

ಕಚೇರಿಯಲ್ಲಿ ಗಾಯಕರ ಪಕ್ಕದಲ್ಲಿಟ್ಟ ಪುಟ್ಟ ಪೆಟ್ಟಿಗೆಯೊಂದು ತಂಬೂರಿಯಂತೆ ನುಡಿಯುವುದನ್ನು ನೀವು ಕೇಳಿರಬಹುದು. ಅದೇ ವಿದ್ಯುನ್ಮಾನ ತಂಬೂರಿ. ಅದನ್ನು 1979ರಲ್ಲಿ ರೂಪಿಸಿದವರು ಬೆಂಗಳೂರಿನ ಜಿ. ರಾಜನಾರಾಯಣ್. ವಿಮಾನಪುರದ ಎಚ್.ಎ.ಎಲ್. ಸಂಸ್ಥೆಯಲ್ಲಿ ಎಂಜಿನಿಯರಾಗಿದ್ದ ಅವರು ಕೊಳಲು ವಾದಕರೂ ಹೌದು. ಕೀಬೋರ್ಡಿನಂಥ ವಾದ್ಯಗಳು ಇರುವಾಗ ಬೇರೊಂದು ಪೆಟ್ಟಿಗೆ ಏಕೆ ಬೇಕು ಎಂದು ನೀವು ಕೇಳಬಹುದು.

ಪಾಶ್ಚಾತ್ಯ ವಾದ್ಯಗಳಿಗೆ ಒಂದು ನಿಗದಿತ ಶ್ರುತಿ ಉಂಟು. ‘ಎ’ ಸ್ವರಕ್ಕೆ ಸೆಕೆಂಡಿಗೆ 440 ಕಂಪನಗಳೆಂದು 1939ರಲ್ಲಿ ಲಂಡನ್ನಿನ ಸಮ್ಮೇಳನವೊಂದು ಒಪ್ಪಿತು. 1955ರಲ್ಲಿ ಅಂತರರಾಷ್ಟ್ರೀಯ ಪ್ರಮಾಣ ಸಂಸ್ಥೆಯೂ ಅದನ್ನೇ ಸ್ವೀಕರಿಸಿತು. ಕೀಬೋರ್ಡಿನಲ್ಲಿ ಒಂದು ಸ್ಥಾಯಿಯನ್ನು 12 ಸಮಭಾಗ ಮಾಡಿರುತ್ತಾರೆ. ಪ್ರತಿ ಮನೆಯ ಕಂಪನ ಹಿಂದಿನದರ ಸುಮಾರು 1.0595 ಪಟ್ಟು.

ನಮ್ಮಲ್ಲಿ ಹಾಗಲ್ಲ. ಹಾಡುವವರ ಕಂಠಕ್ಕೆ ಹೊಂದಿದ್ದೇ ಷಡ್ಜ. ಸಾಮಾನ್ಯವಾಗಿ ಗಂಡಸರು ಒಂದು ಮನೆ, ಹೆಂಗಸರು ಐದು ಮನೆ ಶ್ರುತಿಯ ಆಸುಪಾಸಿನಲ್ಲಿ ಹಾಡುತ್ತಾರೆ. ಉಳಿದ ಸ್ವರಗಳು ಆ ಷಡ್ಜದೊಡನೆ ಸರಳ ಅನುಪಾತದಲ್ಲಿ ಕೂಡಿಕೊಳ್ಳಬೇಕು.

ಲೆಕ್ಕ ಮಾಡಿ ನೋಡೋಣ. ಒಂದು ಮನೆ ಷಡ್ಜಕ್ಕೆ 261.6 ಕಂಪನ. ಪಂಚಮ ಅದರ ಒಂದೂವರೆ ಪಟ್ಟು, ಅಂದರೆ 392.4. ಕೀಬೋರ್ಡಿನದು 392.0, ವ್ಯತ್ಯಾಸ ಅತ್ಯಲ್ಪ. ಅಂತರ ಗಾಂಧಾರವಾದರೋ ಷಡ್ಜದ ಒಂದೂಕಾಲು ಪಟ್ಟು, ಅಂದರೆ 327.0. ಕೀಬೋರ್ಡಿನಲ್ಲಿ ಅದು 329.6! ಎರಡನ್ನೂ ಒಟ್ಟಿಗೆ ನುಡಿಸಿದರೆ ಧ್ವನಿ ಸೆಕೆಂಡಿಗೆ ಸುಮಾರು ಎರಡೂವರೆ ಬಾರಿ ಉಬ್ಬಿ ತಗ್ಗುತ್ತದೆ. ಚೆನ್ನಾಗಿ ಶ್ರುತಿಗೂಡಿದ ತಂಬೂರಿಯ ಮಂದ್ರ ತಂತಿಯಿಂದ ತಾನಾಗಿಯೇ ಹೊಮ್ಮುವ ಗಾಂಧಾರ ಈ ಒಂದೂಕಾಲು ಪಟ್ಟಿನದೇ, ಆದರೆ ಮೇಲಿನ ಸ್ಥಾಯಿಯದು.

ಹಲವು ಕೀಬೋರ್ಡುಗಳಲ್ಲಿ 440ನ್ನು 442ಕ್ಕೆ ಏರಿಸುವ ಸೌಲಭ್ಯವಿದೆಯಲ್ಲ ಎನ್ನಬಹುದು. ಅದರಿಂದ ಎಲ್ಲ ಸ್ವರಗಳೂ ಒಟ್ಟಾಗಿ ಮೇಲೇರುತ್ತವೆ. ಷಡ್ಜಕ್ಕೂ ಗಾಂಧಾರಕ್ಕೂ ಇರುವ ಸಂಬಂಧ ಬದಲಾಗದು. ಅದಕ್ಕೆ ಒಂದೊಂದು ಸ್ವರವನ್ನೂ ಬೇರೆಬೇರೆಯಾಗಿ ತಿದ್ದುವ ವ್ಯವಸ್ಥೆ ಬೇಕು. ವಿದ್ಯುನ್ಮಾನ ತಂಬೂರಿಯಲ್ಲಾದರೆ ಷಡ್ಜವನ್ನು ಕೂದಲೆಳೆಯಷ್ಟು ಏರಿಸಿ ಇಳಿಸಬಹುದು. ಪಂಚಮವನ್ನು ಅದಕ್ಕೆ ಕಿವಿಯಿಂದಲೇ ಕೂಡಿಸಬಹುದು.

ಸಂಗೀತ ಕಲಿಯುವ ನಿಮಗೆ ಇದು ಬರಿಯ ಲೆಕ್ಕವಲ್ಲ. ಎಳೆಯ ಕಿವಿ ದಿನವೂ ಕೇಳಿದ ಸ್ವರವನ್ನೇ ಸರಿಯೆಂದು ನಂಬುತ್ತದೆ. ಕೀಬೋರ್ಡನ್ನೇ ನೆಚ್ಚಿ ಸಾಧನೆ ಮಾಡಿದವರ ಗಾಂಧಾರ ತಂಬೂರಿಯ ಮುಂದೆ ತುಸು ಏರಿ ನಿಲ್ಲಬಹುದು. ನೀವೇ ಪರೀಕ್ಷಿಸಿ: ತಂಬೂರಿ ಹಾಕಿ, ಗಾಂಧಾರವನ್ನು ದೀರ್ಘವಾಗಿ ಹಾಡಿ, ಅಲುಗಾಟ ನಿಂತಾಗ ಕೀಬೋರ್ಡಿನ ಗಾಂಧಾರ ಒತ್ತಿ. ಕಿವಿ ಉತ್ತರ ಹೇಳುತ್ತದೆ.