ಜ್ವರವೆಂಬ ಅಂಕಣ: ಹಳೆಯ ಮರಣದಾಖಲೆಗಳ ವಿಶ್ವಾಸಾರ್ಹತೆ

ಬ್ರಿಟಿಷ್ ಆಳ್ವಿಕೆಯ ಕಾಲದ ಆರೋಗ್ಯ ವರದಿಗಳನ್ನು ತೆರೆದರೆ ಕಾಲರಾ, ಸಿಡುಬು, ಪ್ಲೇಗು, ಜ್ವರ, ಆಮಶಂಕೆ ಎಂದು ಮರಣಗಳನ್ನು ವಿಂಗಡಿಸಿದ ಕೋಷ್ಟಕಗಳು ಎದುರಾಗುತ್ತವೆ. ಸಂಖ್ಯೆಗಳು ಬಿಡಿ ಸ್ಥಾನದವರೆಗೂ ಖಚಿತವಾಗಿವೆ. ಈ ಖಚಿತತೆಗೆ ನಾವು ಮರುಳಾಗುವ ಮುನ್ನ ಅವುಗಳನ್ನು ಬರೆದವರಾರು ಎಂಬುದನ್ನು ವಿಚಾರಿಸಬೇಕು.

ಬರೆದವನು ವೈದ್ಯನಲ್ಲ. ಉತ್ತರದ ಪ್ರಾಂತಗಳಲ್ಲಿ ಚೌಕಿದಾರನೂ ನಮ್ಮ ಕಡೆ ಗ್ರಾಮದ ಪಟೇಲನೂ ಮನೆಯವರು ಹೇಳಿದುದನ್ನು ಮೇಲಕ್ಕೆ ತಿಳಿಸುತ್ತಿದ್ದರು. ವಾಂತಿಭೇದಿಯನ್ನೂ ಸಿಡುಬಿನ ಬೊಕ್ಕೆಗಳನ್ನೂ ಯಾರಾದರೂ ಗುರುತಿಸಿಯಾರು. ಮಲೇರಿಯಾ, ವಿಷಮಶೀತಜ್ವರ, ಕ್ಷಯ ಮುಂತಾದುವೆಲ್ಲ 'ಜ್ವರ'ದೊಳಗೆ ಅಡಗಿಹೋದುವು. ಮರೆಮಾಚಿದ ಮರಣಗಳಿಗೂ ಇದೇ ಅಂಕಣ ಆಶ್ರಯವಾಯಿತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ, ರೋಗಿಯನ್ನು ಬೇರ್ಪಡಿಸುವುದು, ಮನೆಯನ್ನು ತೆರವು ಮಾಡಿಸುವುದು ಮುಂತಾದ ಕ್ರಮಗಳಿಗೆ ಜನ ರೋಗಕ್ಕಿಂತಲೂ ಹೆಚ್ಚಾಗಿ ಅಂಜಿದರು. ಹೀಗೆ ಅಂಜಿದವರು ನಿಜವನ್ನು ಹೇಳಿಯಾರೆಂದು ನಿರೀಕ್ಷಿಸುವುದು ಅಧಿಕಾರಿಗಳ ಭೋಳೆತನವೇ ಸರಿ.

1918ರ ಇನ್‌ಫ್ಲುಯೆಂಜಾದಲ್ಲಿ ತೊಡಕು ಬೇರೆ ಬಗೆಯದು. ಅದನ್ನು ಮರೆಮಾಡಬೇಕಾದ ಕಾರಣವಿರಲಿಲ್ಲ. ಆದರೆ ಅದಕ್ಕೆ ಅಂಕಣವೇ ಇರಲಿಲ್ಲ. ಸತ್ತವರಲ್ಲಿ ಬಹುಪಾಲು ಜ್ವರದ ಲೆಕ್ಕಕ್ಕೇ ಸೇರಿದರು. ಆದುದರಿಂದ ಹಿಂದಿನ ವರ್ಷಗಳ ಸರಾಸರಿ ಮರಣಗಳನ್ನು ಆ ವರ್ಷದ ಮರಣಗಳಿಂದ ಕಳೆದು, ಉಳಿದ ಹೆಚ್ಚಳವನ್ನು ಈ ರೋಗದ ಪಾಲೆಂದು ಎಣಿಸುವುದು ರೂಢಿಗೆ ಬಂದಿತು.

ಈ ವಿಧಾನದಲ್ಲಿ ಒಂದು ಗ್ರಹಿಕೆ ಅಡಗಿದೆ. ದಾಖಲೆಯಾಗದೆ ಉಳಿಯುವ ಮರಣಗಳ ಪ್ರಮಾಣ ಪ್ರತಿವರ್ಷವೂ ಹೆಚ್ಚು ಕಡಿಮೆ ಒಂದೇ ಎಂಬುದೇ ಆ ಗ್ರಹಿಕೆ. ಸಾಧಾರಣ ವರ್ಷಗಳಲ್ಲಿ ಇದು ಒಪ್ಪತಕ್ಕುದೇ. ಆದರೆ 1918ರ ಕೊನೆಯ ತಿಂಗಳುಗಳಲ್ಲಿ ದಾಖಲೆ ಬರೆಯಬೇಕಾದವರೇ ಹಾಸಿಗೆ ಹಿಡಿದಿದ್ದರು, ಕೆಲವರು ತೀರಿಕೊಂಡರು. ಮರಣಗಳು ಹೆಚ್ಚಿದಷ್ಟೂ ಬರೆಯುವ ಕೈಗಳು ಕಡಿಮೆಯಾದುವು. ಹೀಗಾಗಿ ಲೆಕ್ಕ ಕುಸಿದುದು ಅದರ ಅಗತ್ಯ ಹೆಚ್ಚಾಗಿದ್ದ ಹೊತ್ತಿನಲ್ಲಿಯೇ.

ಇದರ ಪರಿಣಾಮವನ್ನು ಅಂದಾಜುಗಳಲ್ಲಿಯೇ ಕಾಣಬಹುದು. ಮೊದಲು ಸರ್ಕಾರದವರು ಸುಮಾರು 60 ಲಕ್ಷ ಎಂದರು. 1921ರ ಜನಗಣತಿಯ ವರದಿ ಅದನ್ನು 1.2ರಿಂದ 1.3 ಕೋಟಿಗೆ ಏರಿಸಿತು. 1951ರಲ್ಲಿ ಕಿಂಗ್ಸ್‌ಲಿ ಡೇವಿಸ್, ಅನಂತರ 1986ರಲ್ಲಿ ಮಿಲ್ಸ್, 1.7 ಕೋಟಿಗೂ ಮಿಗಿಲಾದ ಸಂಖ್ಯೆಗಳನ್ನು ಕೊಟ್ಟರು. 2012ರ ಒಂದು ಅಧ್ಯಯನ ಬ್ರಿಟಿಷ್ ಜಿಲ್ಲೆಗಳಿಗೆ ಸುಮಾರು 1.4 ಕೋಟಿಯೆಂದು ಮತ್ತೆ ತಗ್ಗಿಸಿತು. ಮೊದಲ ಅಂದಾಜಿಗೂ ಡೇವಿಸರ ಅಂದಾಜಿಗೂ ನಡುವೆ ಒಂದು ಕೋಟಿಗೂ ಹೆಚ್ಚು ಮನುಷ್ಯರ ಅಂತರವಿದೆ!

ಹಾಗೆಂದು ಈ ದಾಖಲೆಗಳನ್ನು ಮೂಲೆಗೆಸೆಯುವುದು ನಮಗೆ ಸಮ್ಮತವಲ್ಲ. ಕಾರಣಗಳಿಗಿಂತ ಒಟ್ಟು ಮರಣಗಳ ಸಂಖ್ಯೆ ಹೆಚ್ಚು ನಂಬತಕ್ಕುದು. ಒಟ್ಟು ಸಂಖ್ಯೆಗಿಂತಲೂ ತಿಂಗಳಿಂದ ತಿಂಗಳಿಗೆ ಆದ ಏರಿಳಿತ ಹೆಚ್ಚು ನಂಬತಕ್ಕುದು. ಯಾವುದೋ ತಾಲ್ಲೂಕಿನ ಪಟ್ಟಿಯಲ್ಲಿ 1918ರ ಅಕ್ಟೋಬರ್ ತಿಂಗಳ ಜಾಗ ಬರಿದಾಗಿದ್ದರೆ, ಅಲ್ಲಿ ಯಾರೂ ಸಾಯಲಿಲ್ಲವೆಂದು ಓದುವ ಮೊದಲು ಬರೆಯತಕ್ಕವನು ಬದುಕಿದ್ದನೆ ಎಂದು ಕೇಳಬೇಕು.