ಬೆಳಕಿಗೆ ಬೆಳಕು ಕೂಡಿ ಕತ್ತಲೆ

ಬೆಳಕಿಗೆ ಬೆಳಕು ಕೂಡಿದರೆ ಬೆಳಕೇ ಹೆಚ್ಚುವುದೆಂಬುದು ಲೋಕದ ನಂಬಿಕೆ. ಇದು ಎಲ್ಲೆಡೆಯೂ ಸಲ್ಲದೆಂಬುದನ್ನು ಆಂಗ್ಲ ವಿದ್ವಾಂಸನಾದ ತಾಮಸ್ ಯಂಗನು 1803ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಪ್ರಯೋಗಪೂರ್ವಕವಾಗಿ ಪ್ರತಿಪಾದಿಸಿದನು. ಬೆಳಕು ಕಣಗಳ ಪ್ರವಾಹವೆಂಬ ನ್ಯೂಟನ್ನನ ಮತವು ಆಗ ಪ್ರಬಲವಾಗಿದ್ದಿತು. ಸಣ್ಣ ರಂಧ್ರದಿಂದ ಬಂದ ಬಿಸಿಲಿಗೆ ಯಂಗನು ಅಂಗುಲದ ಮೂವತ್ತರಲ್ಲೊಂದು ಪಾಲು ಅಗಲದ ರಟ್ಟಿನ ಪಟ್ಟಿಯನ್ನು ಅಡ್ಡಹಿಡಿಯಲು, ಅದರ ನೆರಳಿನೊಳಗೆ ಗೆರೆಗಳು ಕಂಡವು. ಒಂದು ಪಕ್ಕದ ಬೆಳಕನ್ನು ಮರೆಮಾಡಿದೊಡನೆ ಅವು ಅಳಿದವು. ಆ ಗೆರೆಗಳಿಗೆ ಎರಡು ಪಕ್ಕದ ಬೆಳಕೂ ಬೇಕೆಂಬುದು ಇದರಿಂದ ಸಿದ್ಧವಾಯಿತು.

1807ರಲ್ಲಿ ಅಚ್ಚಾದ ಅವನ ಉಪನ್ಯಾಸಗಳಲ್ಲಿ ಎರಡು ಕಂಡಿಗಳ ನಿರೂಪಣೆಯುಂಟು. ಒಂದೇ ಮೂಲದ ಬೆಳಕು ಎರಡು ಕಂಡಿಗಳಿಂದಲೂ ಅಲೆಯಾಗಿ ಹರಡಿ ಪರದೆಯನ್ನು ಮುಟ್ಟುವುದು. ಒಂದು ಉಬ್ಬಿನಿಂದ ಮುಂದಣ ಉಬ್ಬಿಗಿರುವ ದೂರವೇ ತರಂಗದೂರ. ಎರಡು ದಾರಿಗಳೂ ಸಮನಾದೆಡೆ, ಅಥವಾ ಒಂದು ದಾರಿಯು ಪೂರ್ಣ ತರಂಗದೂರದಷ್ಟು ಹೆಚ್ಚಾದೆಡೆ, ಉಬ್ಬಿಗೆ ಉಬ್ಬು ಕೂಡಿ ಪ್ರಕಾಶವುಂಟಾಗುವುದು. ಅರ್ಧ ತರಂಗದೂರದಷ್ಟು ಹೆಚ್ಚಾದೆಡೆ ಉಬ್ಬಿಗೆ ತಗ್ಗು ಎದುರಾಗಿ ಕತ್ತಲೆಯುಂಟಾಗುವುದು. ಇದಕ್ಕೆ ವ್ಯತಿಕರಣವೆಂದು ಹೆಸರು. ಕತ್ತಲೆಯ ಗೆರೆಯಲ್ಲಿ ಕುಂದಿದ ಶಕ್ತಿಯು ನಾಶವಾಗದೆ ಬೆಳಕಿನ ಗೆರೆಯಲ್ಲಿ ಸೇರಿರುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಕಣವಾದವು ಹೊಸ ರೂಪದಿಂದ ಮರಳಿತು. ಆದರೆ ಬೆಳಕನ್ನು ಒಂದೊಂದೇ ಕಣವಾಗಿ ಕಳುಹಿಸಿದರೂ, ಬಿಡಿಬಿಡಿಯಾಗಿ ಬಿದ್ದ ಚುಕ್ಕೆಗಳು ಕ್ರಮೇಣ ಅವೇ ಗೆರೆಗಳಾಗಿ ಮೂಡುತ್ತವೆ. ಯಂಗನ ಗೆರೆಗಳನ್ನು ಯಾವ ಮತವೂ ಅಳಿಸಲಾರದು.